ದೊಡ್ಡ ಮೀನು ಬಿಟ್ಟು ಬರುವ ಕಾಕಾ

ನಮ್ಮ ಕಾಕಾ ಹಿಡಿದ ದೊಡ್ಡ ಮೀನನ್ನು ಕಣ್ಣಾರೆ ಕಂಡವರು ಬಹಳ ಕಾಲ ಈ ಭೂಮಿಯ ಮೇಲೆ ಇಬ್ಬರೇ. ಒಬ್ಬರು ಸ್ವತಃ ಕಾಕಾ, ಇನ್ನೊಂದು ಆ ಮೀನು. ಮೀನು ಸಾಕ್ಷಿ ಹೇಳಲು ಬರುವುದಿಲ್ಲ. ಕಾಕಾ ಸಾಕ್ಷಿ ಹೇಳುವುದನ್ನು ನಿಲ್ಲಿಸುವುದಿಲ್ಲ! ರವಿವಾರ ಸಂಜೆ ಮೊಳದುದ್ದ ಇದ್ದ ಮೀನು ಬುಧವಾರದ ಹೊತ್ತಿಗೆ ಎರಡು ಮೊಳವಾಗಿ, ಶನಿವಾರ ಅಂಗಡಿಯ ಗಿರಾಕಿಗಳ ಮುಂದೆ ಸೀರೆಯ ಸೆರಗಿನಷ್ಟು ಚಾಚಿಕೊಂಡಿರುತ್ತದೆ. ನೀರು ಬಿಟ್ಟ ಮೇಲೂ ಬೆಳೆಯುವ ಮೀನನ್ನು ನಾನು ನಮ್ಮ ಮನೆತನದಲ್ಲಷ್ಟೇ ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಕೇಳಿದ್ದೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಬೆಳಗಾವಿಯ ಶಹಾಪುರದಲ್ಲಿ ಸೀರೆ, ಖಣಗಳ ಅಂಗಡಿ. ಒಂದು ಕಾಲಕ್ಕೆ ಮನೆಯ ಹಿಂದೆ ಮಗ್ಗಗಳೂ ಇದ್ದವು. ಈಗ ಮಗ್ಗ ಹೋಗಿ ಅಂಗಡಿ ಉಳಿದಿದೆ. ವಾರವಿಡೀ ಗಾದಿಯ ಮೇಲೆ ಕುಳಿತು, "ಈ ಬಣ್ಣ ನಿಮಗ ಭಾಳ ಒಪ್ಪತೈತಿ ನೋಡ್ರಿ ಬಾಯಾರ" ಎಂದು ಎಲ್ಲ ಹೆಂಗಸರಿಗೂ ಎಲ್ಲ ಬಣ್ಣಗಳನ್ನೂ ಒಪ್ಪಿಸುವ ಈ ಮನುಷ್ಯ, ರವಿವಾರ ಬೆಳಗಾಯಿತೆಂದರೆ ಸ್ಕೂಟರಿಗೆ ಗಾಳದ ಕೋಲು ಕಟ್ಟಿಕೊಂಡು ಖಾನಾಪುರದ ಹಾದಿ ಹಿಡಿಯುತ್ತಾರೆ. ಅಲ್ಲಿ ಮಲಪ್ರಭೆಯ ಒಂದು ಮಡುವಿನ ಪಕ್ಕ, ಕರಿಕಲ್ಲೊಂದರ ಮೇಲೆ ಸಂಜೆಯ ತನಕ ಕೂಡುತ್ತಾರೆ. ವಾರವೆಲ್ಲ ಬಾಯಿ ಮುಚ್ಚದವರು ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲವಂತೆ. ಕಾಕು, ಅಂದರೆ ಕಾಕಾನ ಹೆಂಡತಿ, ಇದನ್ನು ಕೇಳಿದಾಗಲೆಲ್ಲ, "ಹಂಗಾರ ಆ ಕಲ್ಲನ್ನ ಮನಿಗೆ ತಂದ ಇಡ್ರಿ, ಅದರ ಮ್ಯಾಲ ನಿಮ್ಮನ್ನ ಕುಂದರಸ್ತೀನಿ" ಎನ್ನುತ್ತಾರೆ.

ಉಳಿದವರು ಗಾಳಕ್ಕೆ ಎರೆಹುಳು ಸಿಗಿಸುತ್ತಾರೆ, ಹಿಟ್ಟಿನ ಉಂಡೆ ಸಿಗಿಸುತ್ತಾರೆ. ಕಾಕಾ ಇಡೀ ಅಡುಗೆಮನೆಯನ್ನೇ ಸಿಗಿಸುತ್ತಾರೆ! ಹುರಿದ ಶೇಂಗಾದ ಪುಡಿ, ಚಪಾತಿಯ ಕಣಕ, ಇಂಗು, ಹಬ್ಬದ ಮರುದಿನವಾದರೆ ಹೋಳಿಗೆಯ ಹೂರಣ. ಒಮ್ಮೆ ನನಗೆಂದು ಎತ್ತಿಟ್ಟಿದ್ದ ಕುಂದಾ ಡಬ್ಬಿಯೊಳಗಿಂದ ಮಾಯವಾಗಿತ್ತು.

"ಕಾಕಾ, ಕುಂದಾನೂ ಮೀನಿಗೆ ಹಾಕಿದ್ರೇನು?"

"ಬೆಳಗಾವಿ ಸೀಮ್ಯಾಗ ಇದ್ದು ಕುಂದಾ ತಿನ್ನದ ಇರಾಕ ಆಗತೈತೇನವಾ? ಪಾಪ, ಮೀನಕ್ಕೂ ಒಂದ ಬಾಯಿ ಐತಿ."

"ತಿಂತೇನು ಮತ್ತ?"

"ತಿಂತು," ಎಂದರು ಕಾಕಾ ಗಂಭೀರವಾಗಿ. "ಗಾಳ ಬಿಟ್ಟ ಬರೇ ಕುಂದಾ ತಿಂದ ಹೋತು. ಭಾಳ ಶಾಣ್ಯಾ ಮೀನ."

ಇಷ್ಟೇ ಆಗಿದ್ದರೆ ಅವರನ್ನು ಯಾರೂ ವಿಚಿತ್ರ ಎನ್ನುತ್ತಿರಲಿಲ್ಲ. ಗಾಳದ ಹುಚ್ಚಿನವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಆದರೆ ಕಾಕಾನ ಕಾಯಿದೆಯೇ ಬೇರೆ. ತೀರ ಸಣ್ಣ ಮೀನು ಸಿಕ್ಕರೆ ಬಿಡಬೇಕು. ಸರಿ, ಒಪ್ಪೋಣ. ನಡುತರದ್ದು ಸಿಕ್ಕರೆ ಮನೆಗೆ ತರಬಹುದು, ಅದೂ ಒಂದು ಹೊತ್ತಿನ ಊಟಕ್ಕೆ ಬೇಕಾದಷ್ಟು. ದೊಡ್ಡದು ಸಿಕ್ಕರೆ? ಬಿಡಬೇಕು! ಇಡೀ ಜಗತ್ತು ಯಾವುದಕ್ಕಾಗಿ ಬಿಸಿಲಲ್ಲಿ ಗಾಳ ಹಿಡಿದು ಕೂಡುತ್ತದೋ ಅದನ್ನು ಹಿಡಿದು, ಮೈದಡವಿ, ಕ್ಷೇಮಸಮಾಚಾರ ಕೇಳಿ ಕಳಿಸಿಕೊಡುವುದು! ಇಂಥವರ ಕೈಯಲ್ಲಿ ಸೀರೆ ಅಂಗಡಿ ಇಷ್ಟು ವರ್ಷ ಹೇಗೆ ನಡೆಯಿತೋ ದೇವರೇ ಬಲ್ಲ.

"ದೊಡ್ಡದಂದ್ರ ತಾಯಿ ಮೀನ," ಎಂದು ಕಾಕಾ ವಿವರಿಸುತ್ತಾರೆ. "ಸಣ್ಣದಕ್ಕಿಂತ ಎಷ್ಟೋ ಪಟ್ಟು ತತ್ತಿ ಇಡತೈತಿ ಅದು. ಒಕ್ಕಲಿಗ ಎಷ್ಟ ಹಸದ್ರೂ ಬಿತ್ತನಿ ಕಾಳ ಬೇಯಿಸಿಕೊಂಡ ತಿಂತಾನೇನು?"

"ಅಷ್ಟ ಕರುಣೆ ಇದ್ರ ಮೀನ ಹಿಡಿಯೂದ ಬಿಟ್ಟಬಿಡೋ," ಎಂದು ನನ್ನ ತಂದೆ ಒಮ್ಮೆ ಕೆಣಕಿದ್ದರು.

"ನಾ ತಿನ್ನಾವ ಅಣ್ಣಾ. ಅದಕ್ಕ ನನಗ ಕಾಳಜಿ. ತಿನ್ನದವರಿಗೇನು, ಹೊಳ್ಯಾಗ ಮೀನ ಮುಗದ್ರೂ ಸಂತ್ಯಾಗ ಬದನಿಕಾಯಿ ಇರತಾವ."

 

ದೊಡ್ಡ ಮೀನನ್ನು ಒಣಗೈಯಲ್ಲಿ ಮುಟ್ಟಬಾರದಂತೆ. ಮೈಮೇಲಿನ ಲೋಳೆ ಹೋದರೆ ಅದಕ್ಕೆ ರೋಗ ತಗಲುತ್ತದಂತೆ. ಅದಕ್ಕೆಂದೇ ಕಾಕಾ ಅಂಗಡಿಯಿಂದ ಒಂದು ಖಣ ಒಯ್ಯುತ್ತಾರೆ. ಖಣ ಎಂದರೆ ನಮ್ಮ ಕಡೆಯ ಕುಪ್ಪಸದ ಬಟ್ಟೆ. ಅದನ್ನು ನೀರಲ್ಲಿ ತೋಯಿಸಿ, ಮೀನಿಗೆ ಸುತ್ತಿ, ಎಚ್ಚರದಿಂದ ಗಾಳ ಬಿಡಿಸುವುದು. ಅಳತೆಯೂ ಅದರದ್ದೇ. ಮೀನು ಖಣದ ಅಗಲಕ್ಕಿಂತ ಉದ್ದವಾಗಿದ್ದರೆ ಹೊಳೆಗೆ, ಒಳಗೇ ಕೂತರೆ ಮನೆಗೆ. ಹೀಗೆ ಮೀನು ಉಟ್ಟುಬಿಟ್ಟ ಖಣವೊಂದು ಒಮ್ಮೆ ಹೇಗೋ ಅಂಗಡಿಯ ಗಂಟಿಗೆ ಸೇರಿಬಿಟ್ಟಿತು. ದಂಡಿನವರ ಕ್ಯಾಂಪಿನ ಕಡೆಯಿಂದ ಬಂದ ಗಿರಾಕಿಯೊಬ್ಬರು ಅದನ್ನೇ ಆರಿಸಿ, ಮೂಗಿನ ಹತ್ತಿರ ಹಿಡಿದರು.

"ಇದೇನ ವಾಸನಿರಿ?"

"ಕೈಮಗ್ಗದ್ದು ರೀ ಬಾಯಾರ. ಖರೇ ಮಾಲಿಗೆ ಹಿಂಗ ವಾಸನಿ ಇರತೈತಿ. ಎರಡ ಒಗತಕ್ಕ ಹೋಗತೈತಿ."

ಹೋಗಲಿಲ್ಲ. ಅವರು ಮರಳಿ ಬಂದಾಗ ಕಾಕಾ ಹೊಸ ಖಣ ಕೊಟ್ಟು ಕಳಿಸಿದರು. ಹಳೆಯದನ್ನು ಮಾತ್ರ ಅವರು ತಂದಿರಲಿಲ್ಲ. ಅವರ ಮನೆಯ ಬೆಕ್ಕು ಅದನ್ನು ಬಿಟ್ಟು ಮಲಗುವುದಿಲ್ಲವಂತೆ!

ಹೋಗಲಿ, ಒಂದು ಫೋಟೋ ಆದರೂ ತೆಗೆದುಕೊಂಡು ಬರಬಾರದೇ? ಕೈಯಲ್ಲಿ ಫೋನಿದೆ, ಫೋನಿನಲ್ಲಿ ಕ್ಯಾಮೆರಾ ಇದೆ. ಕಾಕಾನ ಮಗಳು ಮದುವೆಗೆ ಮುಂಚೆ ಇದಕ್ಕಾಗಿ ಅಪ್ಪನೊಡನೆ ದಿನಾ ಜಗಳವಾಡುತ್ತಿದ್ದಳು.

"ಅಪ್ಪಾ, ಒಂದ ಫೋಟೋ. ಅದಕ್ಕೇನ ಜೀವ ಹೋಗತೈತೇನು?"

"ಇಲ್ಲೆ ಬಾ. ನೀರಿನ ತೊಟ್ಟ್ಯಾಗ ನಿನ್ನ ತಲಿ ಅದ್ದತೀನಿ. ಹಂಗ ಹಿಡಕೊಂಡ ಫೋಟೋ ತಗೀತೀನಿ, ಚಂದಂಗ ನಕ್ಕ ತೋರಸು. ಆಮ್ಯಾಲ ಮೀನಿಂದು ತಗಿಯೂಣು."

ಅಲ್ಲಿಗೆ ಪುರಾವೆಯ ಕಥೆ ಮುಗಿಯಿತು. ಕಾಕು ಕೊನೆಗೊಂದು ತೀರ್ಪು ಕೊಟ್ಟರು: "ನಿಮ್ಮಪ್ಪನ ಮೀನಿಗೆ ಮುಳ್ಳಿಲ್ಲ, ಮಾಂಸ ಇಲ್ಲ. ಬರೇ ಮಾತೈತಿ."

ಇನ್ನು ಸೀರೆಯ ಪ್ರಸಂಗ. ಇದನ್ನು ಹೇಳದಿದ್ದರೆ ಕಾಕು ನನ್ನನ್ನು ಕ್ಷಮಿಸುವುದಿಲ್ಲ. ಒಂದು ರವಿವಾರ ಗುಂಜಿ ಕಡೆಯ ಹಳ್ಳಿಯವನೊಬ್ಬ ಕಾಕಾ ಕೂತಿದ್ದ ಮಡುವಿನಲ್ಲೇ ಭಾರೀ ಮೀನು ಹಿಡಿದನಂತೆ. ಪೇಟೆಗೆ ಒಯ್ದು ಮಾರುವವನಿದ್ದ. ಕಾಕಾ ಬಿತ್ತನಿ ಕಾಳಿನ ಉಪದೇಶ ಮಾಡಿದರು. ಆತ ಕೇಳಿಸಿಕೊಂಡು, "ಖರೇ ಐತಿ ರೀ ಸಾವಕಾರ, ಆದ್ರ ಹಬ್ಬಕ್ಕ ಹೇಂತಿ ಸೀರಿ ಕೇಳ್ಯಾಳ" ಎಂದ. ಸೀರೆ! ಯಾರ ಮುಂದೆ ಯಾವ ಮಾತು! ಗಿರಾಕಿಯೊಬ್ಬರಿಗೆ ಮುಟ್ಟಿಸಲೆಂದು ಕಾಕಾನ ಸ್ಕೂಟರಿನ ಡಿಕ್ಕಿಯಲ್ಲಿ ಹೊಸ ಸೀರೆಯೊಂದು ಇತ್ತು. ತೆಗೆದು ಕೊಟ್ಟೇಬಿಟ್ಟರು. ಮೀನು ಹೊಳೆಗೆ ಹೋಯಿತು, ಸೀರೆ ಗುಂಜಿಗೆ ಹೋಯಿತು, ಕಾಕಾ ಮನೆಗೆ ಬಂದರು.

"ನಾ ದೀಪಾವಳಿಗೆ ಕೇಳಿದ್ರ ಸ್ಟಾಕ್ ಇಲ್ಲ ಅಂದ್ರಿ," ಎಂದರು ಕಾಕು. "ಮೀನಕ್ಕ ಉಡಿಸಿ ಬಂದ್ರಿ."

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಮುಂದಿನ ರವಿವಾರ ಕಾಕಾ ಹೊಳೆಗೆ ಹೋದರೆ ಆತ ದಂಡೆಯ ಮೇಲೆ ಕಾಯುತ್ತ ಕೂತಿದ್ದಾನೆ. ಮುಂದೆ ನೀರು ತುಂಬಿದ ಪ್ಲಾಸ್ಟಿಕ್ ಬುಟ್ಟಿ. ಅದರೊಳಗೆ ಸುರುಳಿಯಾಗಿ ಒಂದು ಮೀನು.

"ಏ, ಮತ್ತ ಅದನ್ನ ಹಿಡದ ತಂದಿಯೇನೋ?"

"ಇಲ್ಲ ರೀ ಸಾವಕಾರ, ಮೀನ ಬ್ಯಾರೆ. ಹೇಂತಿ ಮಾತ್ರ ಅಕೀನ. ಈ ಸಲ ಹಸರ ಬಣ್ಣದ್ದು ಕೊಡ್ರಿ ಅಂದಾಳ."

ಹೀಗೆ ನಗುನಗುತ್ತ ನಡೆದಿದ್ದ ಸಂಸಾರದಲ್ಲಿ ನಿಜವಾದ ಪೇಚು ಬಂದದ್ದು ಮಗಳು ಬಸಿರಾದಾಗ. ಅವಳನ್ನು ಕೊಟ್ಟದ್ದು ಕಾರವಾರಕ್ಕೆ. ಬೀಗರು ಸಮುದ್ರದ ಮೀನು ತಿಂದು ಬೆಳೆದವರು. ಹೊಳೆಯ ಮೀನೆಂದರೆ ಮಣ್ಣಿನ ವಾಸನೆ ಎಂದು ಮೂಗು ಮುರಿಯುವವರು. ಐದನೇ ತಿಂಗಳಲ್ಲಿ ಬಯಕೆ ಊಟಕ್ಕೆಂದು ಮಗಳನ್ನು ಬೀಗರ ಸಮೇತ ಕರೆದದ್ದಾಯಿತು. ಏನು ತಿನ್ನಬೇಕು ಅನಿಸುತ್ತದೆ ಎಂದು ಕಾಕಾ ಫೋನಿನಲ್ಲಿ ಕೇಳಿದರು. ಎಲ್ಲರಿಗೂ ಕೇಳಿಸುವಂತೆ ಫೋನನ್ನು ಗಾದಿಯ ಮೇಲೆ ಇಟ್ಟಿದ್ದರು. ಮಗಳು ಎಂದೂ ಹೀಗೆ ಬಾಯಿಬಿಟ್ಟು ಕೇಳಿದವಳಲ್ಲ.

"ಅಪ್ಪಾ, ಪ್ರತಿ ಸಲಾ ನೀ ಬಿಟ್ಟ ಬರತೀಯಲ್ಲ, ಅಂಥಾ ದೊಡ್ಡ ಮೀನ. ಅದರ ಸಾರ ಉಣಬೇಕ ಅನಸೇತಿ."

ಕಾಕಾ ಫೋನನ್ನು ಕೈಗೆತ್ತಿಕೊಂಡರು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕಾಕಾ ಅದನ್ನು ನಂಬುತ್ತಾರೋ ಇಲ್ಲವೋ ತಿಳಿಯದು. ಆದರೆ ಮಗಳಿಗೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ, ಇದು ಇಡೀ ಶಹಾಪುರಕ್ಕೆ ಗೊತ್ತು. ಒಂದು ಕಡೆ ಇಷ್ಟು ವರ್ಷದ ಕಾಯಿದೆ, ಇನ್ನೊಂದು ಕಡೆ ಒಬ್ಬಳೇ ಮಗಳ ಬಯಕೆ. ಮೇಲಾಗಿ ಬೀಗರು ಬಂದು ಬಾಗಿಲಲ್ಲಿ ನಿಲ್ಲುವ ದಿನ ಹತ್ತಿರವಾಗಿತ್ತು.

"ತರತೀನವಾ," ಎಂದರು ಕೊನೆಗೆ, ಸಣ್ಣ ದನಿಯಲ್ಲಿ.

ಮಿರಗದ, ಅಂದರೆ ಮೃಗಶಿರದ ಮಳೆ ಶುರುವಾಯಿತೆಂದರೆ ಕಾಕಾ ಗಾಳವನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ. ಅದು ಮೀನು ತತ್ತಿ ಇಡುವ ಕಾಲ. ಹೀಗಾಗಿ ಉಳಿದದ್ದು ಅದರ ಹಿಂದಿನ ಒಂದೇ ಒಂದು ರವಿವಾರ, ಬೀಗರ ಊಟದ ಹಿಂದಿನ ದಿನ. ಈ ಸಲ ಕಾಕು ತಾವೂ ಬರುವೆನೆಂದು ಹಟ ಹಿಡಿದರು. ಮಗಳ ಮೊದಲ ಬಸಿರಿಗೆ ಹೊಳೆಯ ಗಂಗವ್ವನಿಗೆ ಉಡಿ ತುಂಬುವುದಿದೆ ಎಂಬುದು ಹೇಳಿಕೊಂಡ ಕಾರಣ. "ಆ ಮೀನ ನನ್ನ ಕಣ್ಣ ಮುಂದ ಹೆಂಗ ಹೋಗತೈತಿ ನೋಡೇಬಿಡತೀನಿ" ಎಂಬುದು ನಿಜವಾದ ಕಾರಣ. ಕಾಕು ಸ್ಕೂಟರ್ ಹತ್ತುವವರಲ್ಲ. ನನ್ನ ಕಾರು ಬಂತು, ಕಾರಿನ ಜೊತೆ ನಾನೂ ಬಂದೆ.

ಹಿಂದಿನ ದಿನ ಒಂದು ಅಡ್ಡಮಳೆ ಬಿದ್ದು ಹೋಗಿತ್ತು. ಮಡುವಿನ ನೀರು ಹಸಿರಾಗಿ, ನಿಧಾನವಾಗಿ ಹರಿಯುತ್ತಿತ್ತು. ಕಾಕಾ ತಮ್ಮ ಕಲ್ಲಿನ ಮೇಲೆ ಕೂತರು. ಪಕ್ಕದ ಕಲ್ಲಿನ ಮೇಲೆ ಕಾಕು ಕೂತು, ಬೀಗರಿಗೆ ಯಾವ ಚಟ್ನಿ, ಅಳಿಯನಿಗೆ ಉಡುಗೊರೆಗೆ ಎಂಥ ಟೊಪ್ಪಿಗೆ ಎಂದು ಶುರು ಮಾಡಿದರು.

"ಸಾವಕಾಶ ಮಾತಾಡ. ಮೀನಕ್ಕ ಕೇಳಸತೈತಿ."

"ಕೇಳಸತಿದ್ರ ನಿಮ್ಮ ಬಡಾಯಿ ಕೇಳಿ ಎಂದೋ ಊರ ಬಿಡತಿತ್ತು."

ಮಧ್ಯಾಹ್ನದೊಳಗೆ ನಡುತರದ ಮೀನುಗಳು ಒಂದೆರಡು ಸಿಕ್ಕು ಬುಟ್ಟಿ ಸೇರಿದವು. ಕಾಕು ಅವನ್ನು ನೋಡಿ, "ಇವೇನು, ಬೀಗರ ಬೆಕ್ಕಿಗೇನು?" ಎಂದರು. ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ನನಗೆ ತೂಕಡಿಕೆ ಹತ್ತುವುದರಲ್ಲಿತ್ತು. ಅಷ್ಟರಲ್ಲಿ ನೀರಿನ ಮೇಲೆ ತೇಲುತ್ತಿದ್ದ ಬೆಂಡು ಒಮ್ಮೆಲೇ ಮುಳುಗಿತು. ಕಾಕಾನ ಕೋಲು ಬಿಲ್ಲಾಯಿತು.

ಆ ಮೇಲಿನದನ್ನು ನಾನು ಉತ್ಪ್ರೇಕ್ಷೆ ಇಲ್ಲದೆ ಹೇಳುತ್ತೇನೆ. ನಮ್ಮ ಮನೆತನದವಳು ಎಂದು ದಯವಿಟ್ಟು ಅನುಮಾನಿಸಬೇಡಿ. ಬಹಳ ಹೊತ್ತು ಅದು ಎಳೆಯಿತು, ಕಾಕಾ ಬಿಟ್ಟರು; ಕಾಕಾ ಎಳೆದರು, ಅದು ಬಿಡಲಿಲ್ಲ. ಕಾಕು ಮಾತು ಮರೆತು ಎದ್ದು ನಿಂತಿದ್ದರು. ಕೊನೆಗೆ ಅದು ದಣಿದು ದಂಡೆಯ ತೆಳುನೀರಿಗೆ ಬಂದಾಗ ಕಾಕಾ ಖಣ ತೋಯಿಸಿ ಅದಕ್ಕೆ ಸುತ್ತಿದರು. ತಲೆ ಒಂದು ಕಡೆ ಹೊರಗೆ, ಬಾಲ ಇನ್ನೊಂದು ಕಡೆ ಹೊರಗೆ. ನಾಣ್ಯದಗಲದ ತಾಮ್ರದ ಬಣ್ಣದ ಹುರುಪೆಗಳು. ಅಂಥ ಮೀನು ನಿಜವಾಗಿಯೂ ಇತ್ತು! ಇಷ್ಟು ವರ್ಷ ನಾವು ಸುಮ್ಮನೆ ನಕ್ಕಿದ್ದೆವು.

ಕಾಕಾ ಮಾತ್ರ ಗೆದ್ದವರಂತೆ ಕಾಣಲಿಲ್ಲ. ಗಾಳ ಬಿಡಿಸಿದರು. ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೊಳೆಯ ಕಡೆ ಒಮ್ಮೆ ನೋಡಿ, ಬುಟ್ಟಿಯ ಕಡೆ ಹೆಜ್ಜೆ ಹಾಕಿದರು. ಮುಖ ನಮ್ಮಿಂದ ತಿರುಗಿಸಿಕೊಂಡಿದ್ದರು. ಮೀನು ಮೈ ಕೊಡವಿತು. ತೋಯ್ದ ಖಣದ ಮೇಲೆ ನವಣೆ ಕಾಳಿನಂಥ ಹಳದಿ ತತ್ತಿಗಳು ಒಂದಿಷ್ಟು ಉದುರಿದವು.

ಕಾಕು ಹತ್ತಿರ ಬಂದು ನೋಡಿದರು. "ರೀ, ತುಂಬಿದ ಹೊಟ್ಟಿ ಏನ್ರಿ ಇದರದು?"

ಕಾಕಾ ಬುಟ್ಟಿಯ ಕಡೆ ಇನ್ನೊಂದು ಹೆಜ್ಜೆ ಹಾಕಿದರು. 

"ನಿಮ್ಮನ್ನ ಕೇಳಾಕತ್ತೀನಿ."

"ಮಗಳು ಕೇಳ್ಯಾಳ," ಎಂದರು ಕಾಕಾ. ಅಷ್ಟೇ.

"ಕೇಳ್ಯಾಳು. ಆಕೀ ತಾಟಿನ್ಯಾಗ ಇದನ್ನ ಹೆಂಗ ನೀಡ್ಲಿ ನಾ?" ಕಾಕುವಿನ ದನಿ ಗದರಿಸುವಂತೆಯೇ ಇತ್ತು. "ಬಸುರಿಗೆ ಬಸುರೀನ ಕೊಯ್ದ ಹಾಕಂತ ಯಾವ ಶಾಸ್ತ್ರದಾಗ ಐತಿ? ಬಯಕಿ ನಾ ತೀರಸ್ತೀನಿ, ಸಣ್ಣೂ ಅದಾವಲ್ಲ ಬುಟ್ಟ್ಯಾಗ. ಮೊದಲ ಅದನ್ನ ನೀರಿಗೆ ಹಚ್ರಿ, ಬಾಯಿ ತಗ್ಯಾಕತ್ತೈತಿ."

ಬೀಗರ ಊಟ ಏನಾಯಿತು ಎಂಬ ಚಿಂತೆ ನಿಮಗಿದ್ದರೆ ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕೋಳಿ ಮಾಡಿದೆವು. ಬುಟ್ಟಿಯಲ್ಲಿದ್ದ ಮೀನುಗಳ ಸಾರು ಮಗಳಿಗೆ. ಅವಳು ಬೆರಳು ನೆಕ್ಕಿಕೊಂಡು ಉಂಡು, ದೊಡ್ಡದು ಸಿಕ್ಕಿತೋ ಇಲ್ಲವೋ ಎಂದು ಕೇಳಲೂ ಮರೆತಳು. ಮರೆಯದೆ ಕೇಳಿದವರು ಅವಳ ಅತ್ತೆ. "ಸಿಕ್ಕಿತ್ತು ರೀ, ಬಿಟ್ಟ ಬಂದ್ವಿ," ಎಂದರು ಕಾಕು. ನಾನೂ ಹೌದೆಂದು ತಲೆಯಾಡಿಸಿದೆ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಫೋಟೋ ಎಲ್ಲಿತ್ತು ತೋರಿಸಲು? ಅಂದಿನಿಂದ ಕಾರವಾರದವರ ಲೆಕ್ಕದಲ್ಲಿ ನಮ್ಮ ಮನೆಯ ಬಡಾಯಿಗಾರರು ಮೂವರು.

ಆದರೆ ನಾನು ಹೇಳಬೇಕಾದದ್ದು ಹೊಳೆಯ ದಂಡೆಯಲ್ಲೇ ಉಳಿದಿದೆ.

ಮೀನನ್ನು ಬಿಡುವುದೆಂದರೆ ನೀರಿಗೆ ಎಸೆದು ಕೈ ಝಾಡಿಸಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ದಣಿದ ಮೀನು ತಾನಾಗಿ ಈಜಲಾರದೆ ಮಗುಚಿಬೀಳುತ್ತದೆ. ಕಾಕಾ ಪ್ಯಾಂಟು ಮಡಚುವುದನ್ನೂ ಮರೆತು ನಡುಮಟ್ಟದ ನೀರಿಗೆ ಇಳಿದರು. ಮೀನಿನ ಮುಖವನ್ನು ಹರಿವಿಗೆ ಎದುರು ಮಾಡಿ, ಹೊಟ್ಟೆಯ ಕೆಳಗೆ ಅಂಗೈ ಹಿಡಿದು, ಹಾಗೇ ನಿಂತರು. ಅದು ಮಗ್ಗಲಾಯಿತು, ನೆಟ್ಟಗೆ ಮಾಡಿದರು. ಮತ್ತೆ ಮಗ್ಗಲಾಯಿತು. ಇದು ಸತ್ತರೆ ಮಗಳ ಬಯಕೆಗೂ ಇಲ್ಲ, ಹೊಳೆಗೂ ಇಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. "ಉಸಿರಾಡವಾ," ಎಂದು ಕಾಕಾ ಪಿಸುಗುಡುತ್ತಿದ್ದರು. ಅವರ ಮೊಣಕಾಲು ಮೊದಲೇ ಗಟ್ಟಿಯಿಲ್ಲ. ಪಾಚಿಗಲ್ಲಿನ ಮೇಲೆ ಕಾಲು ಜಾರುತ್ತಿತ್ತು.

ಕಾಕು ಉಡಿಯ ಸಾಮಾನನ್ನು ದಂಡೆಗಿಟ್ಟು, ಸೀರೆಯ ನಿರಿಗೆ ಎತ್ತಿ ಕಟ್ಟಿ, ತಾವೂ ನೀರಿಗೆ ಇಳಿದರು. ಈಜು ಬಾರದ ಹೆಂಗಸು, ಕೊಡದ ನೀರಿಗಿಂತ ಆಳದ ನೀರು ಕಂಡವರಲ್ಲ. 'ಕಾಕು, ಬ್ಯಾಡ್ರಿ' ಎಂದು ನಾನು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಹಿಂದಿನಿಂದ ಹೋಗಿ ಕಾಕಾನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತರು. ಅವರು ಮೀನನ್ನು ಹಿಡಿದಿದ್ದರು, ಇವರು ಅವರನ್ನು ಹಿಡಿದಿದ್ದರು.  ದಂಡೆಯ ಮೇಲೆ ನಿಂತ ನನಗೆ ಅವರಿಬ್ಬರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿಬಂತು.

ಎಷ್ಟು ಹೊತ್ತಾಯಿತೋ ತಿಳಿಯದು. ಮೀನಿನ ಬಾಲ ಒಮ್ಮೆ ಅಲ್ಲಾಡಿತು. ಮತ್ತೊಮ್ಮೆ. ಆಮೇಲೆ ಕಾಕಾನ ಅಂಗೈ ಬಿಟ್ಟು, ಅವಸರವಿಲ್ಲದೆ, ಹಸಿರು ನೀರಿನ ಆಳಕ್ಕೆ ಇಳಿದುಹೋಯಿತು.

"ಹೋದ್ಲು," ಎಂದರು ಕಾಕಾ. ಖಾಲಿ ಕೈಗಳು ಇನ್ನೂ ನೀರೊಳಗೆ ಹಾಗೇ ಇದ್ದವು.

ಕಾಕು ಅವರ ಅಂಗಿ ಬಿಡಲಿಲ್ಲ. ಅವರ ಹೆಗಲ ಮೇಲಿಂದ ಬಾಗಿ, ಕಾರವಾರದ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು ಮಗಳಿಗೆ ಹೇಳುವ ದನಿಯಲ್ಲೇ ನೀರಿಗೆ ಹೇಳಿದರು:

"ಹುಷಾರಿಲೆ ಹೋಗವಾ. ತುಂಬಿದಾಕಿ ಅದೀ, ಸಾವಕಾಶ ಹೋಗು."